ಹಳದಿ ಬೀಸಣಿಗೆಯ ಲೋನಿ

ಸಾವಿರದ ಒಂಬೈನೂರ ಹನ್ನೆರಡನೇ ಇಸವಿಯ ಆಗಸ್ಟಿನ ಒಂದು ಭಾನುವಾರ ನಮ್ಮ ಫಾದರ್ ಡೆಕರ್ಟ್ ಪ್ರಸಂಗದ ಪೀಠ ಹತ್ತಿ, ಹೆಂಗಸರಿಗೆ ಮತ ಯಾಕೆ ಬೇಡ ಎಂಬುದನ್ನು ಬಿಡಿಸಿ ಬಿಡಿಸಿ ಹೇಳತೊಡಗಿದ್ದರು. ಮೇಣದಬತ್ತಿಗಳು ತಾವಾಗಿ ತಲೆಬಾಗಿ ನಮಸ್ಕಾರ ಮಾಡುವಂಥ ಸೆಕೆ. ಓಹಾಯೋ ನದಿಯ ದಂಡೆಯಲ್ಲಿ ಆಗಸ್ಟಿನ ಗಾಳಿ ಎಂದರೆ ಬೀರು ಕುಡಿಯಲು ಹೋದ ಗಂಡನ ಹಾಗೆ. ಹೊರಟದ್ದು ಗೊತ್ತಾಗುತ್ತದೆ, ಬರುವುದು ಗೊತ್ತಾಗುವುದಿಲ್ಲ.

ಪುಣ್ಯಕ್ಕೆ ಅವತ್ತು ಬೆಂಚುಬೆಂಚಿನ ಮೇಲೂ ಹೊಸ ಬೀಸಣಿಗೆಗಳಿದ್ದವು. ಊರಿನಲ್ಲಿ ಶವಪೆಟ್ಟಿಗೆಯ ಅಂಗಡಿ ಇಟ್ಟಿದ್ದ ಗೆರ್ಲಾಕ್ ಪ್ರತಿ ಬೇಸಿಗೆಯಲ್ಲೂ ಇಗರ್ಜಿಗೆ ಬೀಸಣಿಗೆ ದಾನ ಕೊಡುತ್ತಿದ್ದ. ಅದರ ಮೇಲೊಂದು ಮಲಗಿದ ಕುರಿಮರಿ, ಕುರಿಮರಿಯ ಕೆಳಗೆ ಅವನ ವಿಳಾಸ, ವಿಳಾಸದ ಕೆಳಗೆ 'ಹಗಲೂ ರಾತ್ರಿಯೂ ಸೇವೆಗೆ ಸಿದ್ಧ'. ಇರುವಾಗ ಗಾಳಿ, ಹೋದ ಮೇಲೆ ಮಣ್ಣು, ಎರಡೂ ಒಂದೇ ಅಂಗಡಿಯದು. ಈ ಸಲದ ಬೀಸಣಿಗೆಯ ಬಣ್ಣ ಹಳದಿ. ಪೋಪ್ ಸ್ವಾಮಿಗಳ ಬಾವುಟದ ಬಣ್ಣ ಅಂತ ಗೆರ್ಲಾಕ್ ಹಿಗ್ಗಿ ಹೋಗಿದ್ದನಂತೆ.

ಹೆಂಗಸರ ಸಾಲಿನವರೆಲ್ಲ ಕುರಿಮರಿಯನ್ನು ತಮ್ಮ ಕಡೆ ಹಿಡಿದುಕೊಂಡು ಬೀಸಿಕೊಂಡೆವು. ಬೆನ್ನಿನ ಕಡೆ ಏನಿದೆ ಎಂದು ಬೀಸಿಕೊಳ್ಳುವವರು ಯಾಕೆ ನೋಡುತ್ತಾರೆ? ನೋಡಿದವರು ಪೀಠದ ಮೇಲಿದ್ದವರು. ಅವರ ಕಣ್ಣಿನ ಮುಂದೆ, ಇಗರ್ಜಿಯ ಒಂದು ಪಕ್ಕ ಪೂರ್ತಿ, ಹೆಬ್ಬೆರಳಿನಷ್ಟು ದಪ್ಪ ಕಪ್ಪಕ್ಷರ ಅತ್ತಿಂದಿತ್ತ ಇತ್ತಿಂದತ್ತ ಆಡುತ್ತಿತ್ತು: ಹೆಂಗಸರಿಗೂ ಮತ ಕೊಡಿ.

ಫಾದರ್ ಮಾತಿನ ನಡುವೆ ನಿಂತುಬಿಟ್ಟರು. ನಮ್ಮನ್ನು ದುರುಗುಟ್ಟಿ ನೋಡಿದರು. ಗುರುಗಳು ದುರುಗುಟ್ಟಿದರೆ ಭಕ್ತೆಗೆ ಬೆವರು ಬರುತ್ತದೆ, ಬೆವರು ಬಂದರೆ ಬೀಸಿಕೊಳ್ಳುತ್ತಾಳೆ. ಅವರು ಕೆಂಪಾದಷ್ಟೂ ನಾವು ಜೋರಾಗಿ ಬೀಸಿದೆವು. ಮುಂದಿನ ಬೆಂಚಿನಲ್ಲಿದ್ದ ಬೀರು ಕಾರ್ಖಾನೆಯ ವೆಂಡ್ಲಿಂಗ್ ದೊರೆ ಏನಾಯಿತೆಂದು ಹಿಂದೆ ತಿರುಗಿದವರು ಹಾಗೆಯೇ ಕಲ್ಲಾದರು. ಕೊನೆಗೆ ಯಾರೋ ಒಬ್ಬಳು ಬೀಸಣಿಗೆ ತಿರುಗಿಸಿ ನೋಡಿ, ಹಾವು ಮೆಟ್ಟಿದವಳ ಹಾಗೆ ಸದ್ದು ಮಾಡಿದಳು. ಮರುಗಳಿಗೆಗೆ ಎಲ್ಲರ ಕೈಯಲ್ಲಿದ್ದ ಬೀಸಣಿಗೆಗಳೂ ಎಲ್ಲರ ಅಡಿಗೆ ಹೋದವು. ಉಳಿದ ಪ್ರಸಂಗವನ್ನು ನಾವು ಮತದ ಮೇಲೆ ಕೂತು, ಬೆವರು ಸುರಿಸುತ್ತಾ ಕೇಳಿದೆವು. ಮತ ಬೇಡವೆಂದ ಮತಕ್ಕೆ ನಮ್ಮ ಮತವೂ ಸೇರಿತು ಎಂದು ಫಾದರಿಗೆ ತೋರಿಸಬೇಕಿತ್ತಲ್ಲ.

ಒಬ್ಬಳು ಮಾತ್ರ ಇನ್ನೂ ಬೀಸಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿತ್ತು, ಮುಖದಲ್ಲಿ ಹಾಯಾದ ತೃಪ್ತಿ. ಮೂರನೇ ಬೆಂಚಿನ ಲೋನಿ ಕುಂಕೆಲ್. ಆ ಬೀಸಣಿಗೆ ಮಾಡಿದವಳು ಅವಳೇ.

ಪೂರ್ತಿ ಹೆಸರು ಅಪೊಲೋನಿಯಾ. ಹಲ್ಲುನೋವಿಗೆ ಹರಕೆ ಹೊರುವ ಸಂತಳ ಹೆಸರು. ಮುಂದೆ ಊರಿನವರು ಅವಳ ಹೆಸರೆತ್ತಿದಾಗಲೆಲ್ಲ ಹಲ್ಲು ಕಡಿದರು, ಅದೂ ಸಂತಳ ಮಹಿಮೆಯೇ ಇರಬೇಕು. ಅಪ್ಪ ವೆಂಡ್ಲಿಂಗ್ ಕಾರ್ಖಾನೆಗೆ ಪೀಪಾಯಿ ಮಾಡುತ್ತಿದ್ದ. ಮನೆ ಕೆಳಕೇರಿಯಲ್ಲಿ, ನಮ್ಮ ಮನೆಯಿಂದ ಕೂಗಿದರೆ ಓ ಎನ್ನುವಷ್ಟು ದೂರ. ನಾವಿಬ್ಬರೂ ಸಿಸ್ಟರುಗಳ ಶಾಲೆಯಲ್ಲಿ ಒಂದೇ ಬೆಂಚು ಸವೆಸಿದವರು. ನಾನು ಅಲ್ಲಿ ಮಾತು ಕಲಿತೆ, ಲೋನಿ ಮೌನ ಕಲಿತಳು. ಸಿಸ್ಟರುಗಳಿಗೆ ಅವಳ ಮೇಲೇ ಪ್ರೀತಿ ಹೆಚ್ಚು, ಅದರಲ್ಲಿ ಆಶ್ಚರ್ಯವಿಲ್ಲ.

ತಾಯಿ ತೀರಿಕೊಂಡ ಮೇಲೆ ಅವಳನ್ನು ಶಾಲೆ ಬಿಡಿಸಿ ರೇಷ್ ಯಜಮಾನರ ಅಚ್ಚುಕೂಟಕ್ಕೆ ಹಾಕಿದರು. ಸೀಸದ ಅಕ್ಷರದ ಮೊಳೆ ಜೋಡಿಸುವುದರಿಂದ ಹಿಡಿದು, ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ ನಡೆಸುವ ತನಕ ಅವಳೇ ಬೆಳೆದಳು. ಕಿಟಕಿಯ ಪಕ್ಕದಲ್ಲಿದ್ದ ಆ ಯಂತ್ರವೂ ಅದರ ಮುಂದಿನ ಎರಡು ಹೆಜ್ಜೆ ಜಾಗವೂ ಅವಳ ಸಾಮ್ರಾಜ್ಯ. ಬೀರು ಬಾಟಲಿಯ ಚೀಟಿ, ಹರಾಜಿನ ಚೀಟಿ, ನಾಟಕದ ಚೀಟಿ, ಹೆಣದ ಮನೆಯವರು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಳ್ಳುವ ಕಪ್ಪಂಚಿನ ನೆನಪಿನ ಚೀಟಿ, ನಮ್ಮೂರು ಹುಟ್ಟಿ ಕುಡಿದು ಸತ್ತದ್ದೆಲ್ಲ ಅವಳ ಪಾದದ ತುಳಿತದಲ್ಲೇ ಅಚ್ಚಾಯಿತು. ಅವಳಿಗೆ ಒಂದೇ ಒಂದು ಕೆಟ್ಟ ಚಾಳಿ. ಯಾರು ಯಾವ ಚೀಟಿ ಕೊಟ್ಟರೂ ಮೊದಲು ಓದುತ್ತಿರಲಿಲ್ಲ, ತಿರುಗಿಸಿ ಬೆನ್ನನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಉಬ್ಬು ಸಿಕ್ಕಿದರೆ ಅಚ್ಚು ಒರಟು, ಸಿಗದಿದ್ದರೆ ನಯ. ಸಾವಿನ ಮನೆಯಲ್ಲೂ ಹೀಗೆ ಸವರುತ್ತಾ ನಿಂತು ಎಷ್ಟೋ ಜನರ ಶಾಪಕ್ಕೆ ಗುರಿಯಾಗಿದ್ದಳು.

ಆಲ್ಬನ್ ಎಂಬ ಬೀರು ಗಾಡಿಯವನೊಬ್ಬ ಅವಳ ಹಿಂದೆ ತಿರುಗಿ, ನದೀತೀರದ ಸಂತೋಷಕೂಟಗಳಲ್ಲಿ ಅವಳ ಜೊತೆ ಕುಣಿದು, ಕೊನೆಗೆ ಬೇಕರಿಯವರ ಮಗಳನ್ನು ಮದುವೆಯಾದ. ಲಗ್ನಪತ್ರಿಕೆ ಅಚ್ಚು ಹಾಕಿಸಲು ನೇರ ರೇಷ್ ಅಂಗಡಿಗೇ ಬಂದ, ಗಂಡಸರ ನಾಚಿಕೆಗೆ ಅಷ್ಟೇ ಆಯುಷ್ಯ. ಲೋನಿಯೇ ಮೊಳೆ ಜೋಡಿಸಿದಳು. ಊರಿನಲ್ಲಿ ಅಷ್ಟು ಅಂದದ ಪತ್ರಿಕೆ ಅಲ್ಲಿಯವರೆಗೆ ಯಾರದ್ದೂ ಆಗಿರಲಿಲ್ಲ. ನಿನಗೆ ಹೊಟ್ಟೆ ಉರಿಯಲಿಲ್ಲವೇನೇ ಎಂದು ಕೇಳಿದೆ. "ಕಾಗದ ಚೆನ್ನಾಗಿತ್ತು ಕಣೇ" ಅಂದಳು.

ಇನ್ನು ಬೀಸಣಿಗೆಯ ವಿಷಯ. ನಮ್ಮೂರಿನಲ್ಲಿ ಮೊದಲಿನಿಂದ ಎರಡು ಮತ. ಕೆಳಕೇರಿಯಲ್ಲಿ ನಾವು, ಜರ್ಮನ್ ಮಾತಾಡುವ ಕ್ಯಾಥೊಲಿಕರು. ಗುಡ್ಡದ ಮೇಲೆ ಅವರು, ಇಂಗ್ಲಿಷಿನಲ್ಲೇ ದೇವರನ್ನು ಕರೆಯುವ ಪ್ರೆಸ್ಬಿಟೀರಿಯನರು. ಗುಡ್ಡದ ಹೆಂಗಸರಿಗೆ ಆ ವರ್ಷ ಮೂರನೆಯ ಮತವೂ ಬೇಕಾಯಿತು. ಸೆಪ್ಟೆಂಬರಿನಲ್ಲಿ ರಾಜ್ಯದ ಗಂಡಸರೆಲ್ಲ ಸೇರಿ ಹೆಂಗಸರಿಗೆ ಮತ ಕೊಡಬೇಕೋ ಬೇಡವೋ ಎಂದು ಮತ ಹಾಕುವವರಿದ್ದರು. ಕೊಟ್ಟರೆ ಹೆಂಗಸರು ಮೊದಲು ಬೀರಿನ ಬಾಗಿಲು ಹಾಕಿಸುತ್ತಾರೆ ಎಂದು ವೆಂಡ್ಲಿಂಗ್ ದೊರೆಗೆ ನಿದ್ದೆಯಿಲ್ಲ. ಬೀರಿನ ಬಾಗಿಲು ಹಾಕಿದರೆ ಇಗರ್ಜಿಯ ಹೊಸ ಗಂಟೆಗೋಪುರ ಮೇಲೇಳುವುದಿಲ್ಲ ಎಂದು ಫಾದರಿಗೂ ನಿದ್ದೆಯಿಲ್ಲ.

ಗುಡ್ಡದ ಸಂಘದ ಅಧ್ಯಕ್ಷೆ ಮಿಸೆಸ್ ಥಾರ್ನ್‌ಬರಿ ಜಿಲ್ಲಾ ಸಂತೆಯಲ್ಲಿ ಹಂಚಲು ರೇಷ್ ಅಂಗಡಿಯಲ್ಲಿ ಹಳದಿ ರಟ್ಟಿನ ಮೇಲೆ 'ಹೆಂಗಸರಿಗೂ ಮತ ಕೊಡಿ' ಎಂದು ಅಚ್ಚು ಹಾಕಿಸಿದ್ದರು. ಲೋನಿ ಕಪಾಟಿನಿಂದ ಅತಿ ದಪ್ಪದ ಮರದ ಅಕ್ಷರದ ಮೊಳೆ ತೆಗೆದು, ಬೀದಿಯ ಆ ತುದಿಯಿಂದಲೂ ಓದಲು ಬರುವ ಹಾಗೆ ಕೆಲಸ ಮಾಡಿದ್ದಳು. ಮಿಸೆಸ್ ಥಾರ್ನ್‌ಬರಿ ಬಂದು, ಎರಡು ಬೆರಳಲ್ಲಿ ಒಂದು ರಟ್ಟನ್ನು ಎತ್ತಿ ಹಿಡಿದು, ಇದೇನು ಬಟ್ಟೆ ಸೋಪಿನ ಜಾಹೀರಾತಾ ಎಂದು ಕೇಳಿ, ತಮಗೆ ಬಳ್ಳಿ ಹೂವಿರುವ ಸಣ್ಣಕ್ಷರ ಬೇಕಿತ್ತೆಂದು ಹೇಳಿ, ಎಲ್ಲವನ್ನೂ ಅಲ್ಲೇ ಬಿಟ್ಟು ಹೋದರು. ಲೋನಿ ಕೈಯೊರೆಸಿಕೊಂಡಳು.

ರೇಷ್ ಯಜಮಾನರು ಒಂದು ಕಡೆ ಖಾಲಿ ಇರುವ ರಟ್ಟನ್ನು ಬಿಸಾಡುವ ಪೈಕಿಯವರಲ್ಲ. ಅಂಚೆಚೀಟಿಗೆ ಬೇಕಾದೀತು ಅಂತ ಉಗುಳನ್ನೂ ಕೂಡಿಡುವ ಮನುಷ್ಯ. ಅವರ ಅಂಗಡಿಯಲ್ಲಿ ಬೀಸಣಿಗೆ ಮಾಡುವ ಕ್ರಮವೇ ಹೀಗಿತ್ತು: ಯಾರೋ ಬಿಟ್ಟು ಹೋದ ಅಚ್ಚಾದ ರಟ್ಟು ತೆಗೆದುಕೊಳ್ಳುವುದು, ಖಾಲಿ ಬೆನ್ನಿನ ಮೇಲೆ ಗೆರ್ಲಾಕನ ಕುರಿಮರಿಯನ್ನು ಅಚ್ಚು ಹಾಕುವುದು, ಹಳೆಯ ಬರಹ ಒಳಗಾಗುವಂತೆ ಎರಡೆರಡು ರಟ್ಟನ್ನು ನಡುವೆ ಚಪ್ಪಟೆ ಕಡ್ಡಿಯಿಟ್ಟು ಅಂಟಿಸಿಬಿಡುವುದು. ಹೋದ ವರ್ಷದ ಬೀಸಣಿಗೆಗಳ ಹೊಟ್ಟೆಯಲ್ಲಿ ಸರ್ಕಸ್ಸಿನ ಆನೆಯಿತ್ತು, ಅದರ ಹಿಂದಿನ ವರ್ಷ ಮೂಲವ್ಯಾಧಿಯ ಮುಲಾಮು. ಅದನ್ನೇ ಬೀಸಿಕೊಂಡು ನಾವು ಸ್ವರ್ಗದ ದಾರಿ ಕೇಳಿದ್ದೆವು, ಯಾರಿಗೂ ತೊಂದರೆಯಾಗಿರಲಿಲ್ಲ. ಈ ವರ್ಷ ಮಾತ್ರ ರಟ್ಟು ಒಂಟಿಯಾಗಿತ್ತು. ಬೆನ್ನಿಗೆ ಕಡ್ಡಿಯಿಟ್ಟು, ಒಂದು ಗಿಡ್ಡ ಮೊಳೆ ಹೊಡೆದು, ಎರಡು ಮುಖವೂ ಲೋಕಕ್ಕೆ ಕಾಣುವ ಹಾಗೆ ಬಿಟ್ಟಿದ್ದಳು. ಶನಿವಾರ ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು, ರೇಷ್ ಬೀರು ಕಾರ್ಖಾನೆಯ ಊಟಕ್ಕೆ ಹೋಗಿದ್ದರು. ಬೀಸಣಿಗೆ ಕಟ್ಟುಗಳು ಕುರಿಮರಿ ಮೇಲಾಗಿಯೇ ಗೆರ್ಲಾಕನ ಗಾಡಿ ಹತ್ತಿದವು, ಕುರಿಮರಿ ಮೇಲಾಗಿಯೇ ಬೆಂಚಿಗೆ ಬಂದವು.

ಬೇಕೆಂದೇ ಮಾಡಿದಳು ಎಂಬುದರಲ್ಲಿ ಕೆಳಕೇರಿಗೆ ಸಂಶಯವಿರಲಿಲ್ಲ. ಇದ್ದ ಸಂಶಯ ಯಾರಿಗಾಗಿ ಎಂಬುದಷ್ಟೇ. ಗುಡ್ಡದವರು ಕೈ ಬೆಚ್ಚಗೆ ಮಾಡಿದ್ದಾರೆ ಎಂದರು ಕೆಲವರು. ಮದುವೆಯಾಗದ ಹೆಂಗಸಿನ ರಕ್ತ ತಲೆಗೇರುತ್ತದೆ ಎಂದರು ಮದುವೆಯಾಗಿ ತಲೆ ಕೆಟ್ಟವರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಇಲ್ಲಿ ಹಳದಿ ಕಂಡವರಿಗೆಲ್ಲ ಕಾಮಾಲೆ ಹತ್ತಿತು. ದಿನಸಿ ಅಂಗಡಿಯಲ್ಲಿ ಆಲ್ಬನ್‌ನ ಹೆಂಡತಿ, ಈಗ ದಪ್ಪಗಾಗಿ ಸುಖವಾಗಿದ್ದವಳು, ಎಲ್ಲರಿಗೂ ಕೇಳುವ ಹಾಗೆ ಅಂದಳು: "ಲೋನಕ್ಕಾ, ಒಂದು ಹಿಡಿ ಮತ ಇದ್ರೆ ಕೊಡೇ, ನಮ್ಮನೆ ಎಲೆಕೋಸಿಗೆ ಹುಳಿ ಸಾಲ್ದು."

ಲೋನಿ ತನ್ನ ಬಟಾಣಿ ತೆಗೆದುಕೊಂಡು ಹೋದಳು.

ಸೋಮವಾರ ಫಾದರ್ ಅವಳನ್ನು ಗುರುಮನೆಗೆ ಕರೆಸಿದರು. ರೇಷ್ ಅದಾಗಲೇ ಅಲ್ಲಿ ಟೋಪಿ ತಿರುವುತ್ತಾ ಕೂತಿದ್ದರು. ಅಲ್ಲಿ ಆಡಿದ ಮಾತು ನನಗೆ ಹೇಗೆ ಗೊತ್ತು ಎಂದರೆ, ಗುರುಮನೆಯ ಅಡುಗೆಯವಳಿಗೆ ಆ ಬಾಗಿಲಿನ ಹಿತ್ತಾಳೆಯನ್ನು ಉಜ್ಜುವ ಕೆಲಸ ಸದಾ ಅಂಥ ಹೊತ್ತಿನಲ್ಲೇ ಬರುತ್ತಿತ್ತು. ಮಧ್ಯಾಹ್ನದ ಸಾರು ಕುದಿಯುವ ಮೊದಲೇ ಕೇರಿಗೆಲ್ಲ ಗೊತ್ತಾಗಿತ್ತು.

ವೆಂಡ್ಲಿಂಗ್ ದೊರೆಯ ಮಾತು ನೇರವಾಗಿತ್ತು. ಅವಳು ಎಲ್ಲರೆದುರು ಕ್ಷಮೆ ಕೇಳದಿದ್ದರೆ, ಅಂಗಡಿಯನ್ನೂ ಬಿಡದಿದ್ದರೆ, ಬೀರು ಬಾಟಲಿಯ ಚೀಟಿಗಳೆಲ್ಲ ಸಿನ್ಸಿನಾಟಿಯ ಅಚ್ಚುಕೂಟಕ್ಕೆ ಹೋಗುತ್ತವೆ. ಬೀರು ಚೀಟಿ ಹೋದರೆ ರೇಷ್ ಅಂಗಡಿಗೆ ಬೀಗ. ಹಾಗಾಗಿ ರೇಷ್ ಒಂದು ಹೇಳಿಕೆ ಬರೆದು ತಂದಿದ್ದರು. ಲೋನಿ ಸಹಿ ಹಾಕಬೇಕು, ಭಾನುವಾರ ಫಾದರ್ ಓದಬೇಕು. ಸಹಿ ಹಾಕಿದರೆ ಟ್ರೆಡಲ್ಲಿನ ಮುಂದೆ ಅವಳ ಜಾಗ ಅವಳಿಗೆ. ಹಾಕದಿದ್ದರೆ ಅವತ್ತೇ ಅದು ಬೇರೆಯವರಿಗೆ. ಹೇಳಿಕೆಯಲ್ಲಿದ್ದದ್ದು ಇಷ್ಟು: 'ಕೆಳಗೆ ಸಹಿ ಮಾಡಿರುವ ನಾನು, ನನ್ನ ಅಚ್ಚಿನ ಕೆಲಸದಲ್ಲಾದ ತಪ್ಪಿನಿಂದ ಸಭೆಗೆ ಉಂಟಾದ ನೋವಿಗಾಗಿ ಕ್ಷಮೆ ಬೇಡುತ್ತೇನೆ.'

"ಪಾಪ ಅಂತ ಬರೆಸಿಲ್ಲ ನೋಡು" ಅಂದರಂತೆ ಫಾದರ್. "ತಪ್ಪು ಅಂತ ಬರೆಸಿದೀವಿ. ನಿನ್ನ ವಯಸ್ಸಿಗೆ, ನಿಮ್ಮಪ್ಪನ ಮುಖಕ್ಕೆ ಅಷ್ಟು ರಿಯಾಯಿತಿ."

ಲೋನಿ ಹೇಳಿಕೆಯನ್ನು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಅಭ್ಯಾಸಬಲದಿಂದ ಅದರ ಬೆನ್ನನ್ನು ಸವರಿದಳಂತೆ. ಕೈಬರಹದ ಕಾಗದದಲ್ಲಿ ಸವರಲು ಏನಿರುತ್ತದೋ.

"ಇದಕ್ಕೆ ನಾನು ಸಹಿ ಹಾಕಲ್ಲ ಫಾದರ್."

"ನಿನಗೆ ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ಶನಿವಾರ ಸಂಜೆ ಗೆರ್ಲಾಕ್ ಅವರ ಗಾಡಿ ಬಂದು ನಿಂತು..."

"ಗೆರ್ಲಾಕನ್ನ ಇದರೊಳಗೆ ಎಳೀಬೇಡ. ಅವನು ಈ ಇಗರ್ಜಿಗೆ ಎರಡು ಕಿಟಕಿ ಕೊಟ್ಟವನು. ಸಹಿ ಹಾಕ್ತೀಯೋ ಇಲ್ವೋ?"

"ಇಲ್ಲ."

ರೇಷ್ ಎದ್ದು ನಿಂತು, ಇಷ್ಟು ವರ್ಷ ನಿನಗೆ ಅನ್ನ ಹಾಕಿದವನು ನಾನು, ನನ್ನ ಬಾಯಿಗೆ ಮಣ್ಣು ಹಾಕಬೇಡ ಅಂದರಂತೆ. ನಿಮ್ಮ ಅನ್ನವನ್ನು ತುಳಿದು ತುಳಿದು ಬೇಯಿಸಿದ್ದು ನಾನೇ ಯಜಮಾನ್ರೇ ಎಂದು ಇವಳು ಅಂದಳಂತೆ. ಇದು ಅಡುಗೆಯವಳು ಕಟ್ಟಿದ್ದೂ ಇರಬಹುದು, ಲೋನಿ ಅಷ್ಟು ಉದ್ದ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಸಂಜೆ ಹೊತ್ತಿಗೆ ಅವಳ ಏಪ್ರನ್ನು, ಮೊಳೆ ಜೋಡಿಸುವ ಕೈಪಟ್ಟಿ, ಒಂದು ಜೊತೆ ಹಳೆ ಬೂಟು ಎಲ್ಲವೂ ಹಳೆ ಪತ್ರಿಕೆಯಲ್ಲಿ ಸುತ್ತಿ ಅವಳ ಮನೆ ಹೊಸ್ತಿಲಿಗೆ ಬಂದವು. ಸುತ್ತಿದ ಪತ್ರಿಕೆಯೂ ಎರಡು ಬದಿ ಅಚ್ಚಾದದ್ದೇ. ಖಾಲಿ ಕಾಗದ ಕೊಡುವವರಲ್ಲ ರೇಷ್.

ಲೋನಿ ಸಹಿ ಹಾಕಲಿಲ್ಲ ಎಂಬ ಸುದ್ದಿ ಗುಡ್ಡ ಹತ್ತಿತು. ಮಿಸೆಸ್ ಥಾರ್ನ್‌ಬರಿ ಇಬ್ಬರು ಗೆಳತಿಯರ ಜೊತೆ ಸಾರೋಟಿನಲ್ಲಿ ಕೆಳಕೇರಿಗೆ ಇಳಿದರು. ಆ ಹೆಂಗಸು ನಮ್ಮ ಕೇರಿಗೆ ಬಂದದ್ದು ಅದೇ ಮೊದಲು. ಲಂಗವನ್ನು ಎತ್ತಿ ಹಿಡಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಲೋನಿಯ ಕೈ ಹಿಡಿದು, ಕೆಳಗಿನವರಲ್ಲೂ ಒಂದು ಕಿಡಿ ಇದೆ ಅಂತ ಗೊತ್ತಿರಲಿಲ್ಲ ಎಂದರು. ಒಂದು ಬೀಸಣಿಗೆ ಕೇಳಿದರು. ಲೋನಿ ಕೊಟ್ಟಳು. ಮಿಸೆಸ್ ಥಾರ್ನ್‌ಬರಿ ತಮ್ಮ ಘೋಷಣೆಯನ್ನು ಓದಿ, ಮುಗುಳುನಕ್ಕು, ತಿರುಗಿಸಿದರು.

ಕುರಿಮರಿ. ಗೆರ್ಲಾಕ್. ಹಗಲೂ ರಾತ್ರಿಯೂ ಸೇವೆಗೆ ಸಿದ್ಧ.

"ನಮ್ಮ ಚಳವಳಿಯ ಬೆನ್ನ ಮೇಲೆ ಹೆಣದ ಪೆಟ್ಟಿಗೆಯವನನ್ನ ಕೂರಿಸಿದ್ದೀಯಾ?" ಅಂದರು. ಅಷ್ಟರಲ್ಲೇ ಸಿನ್ಸಿನಾಟಿಯ ಪತ್ರಿಕೆಯೊಂದು, ಹೆಂಗಸರಿಗೆ ಮತ ಕೊಟ್ಟರೆ ಮುಂದಿನದ್ದನ್ನು ಗೆರ್ಲಾಕ್ ನೋಡಿಕೊಳ್ಳುತ್ತಾನೆ ಎಂದು ಚಿತ್ರ ಸಮೇತ ಗೇಲಿ ಮಾಡಿತು. ಗುಡ್ಡದವರಿಗೂ ಮನದಟ್ಟಾಯಿತು: ಇವಳು ಬೀರಿನವರು ಛೂ ಬಿಟ್ಟ ಹೆಂಗಸು, ನಮ್ಮನ್ನು ನಗೆಪಾಟಲು ಮಾಡಲೆಂದೇ ಮಾಡಿದ್ದು. ಹೀಗೆ ಎರಡೂ ಮತದವರು ಜೀವಮಾನದಲ್ಲಿ ಮೊದಲ ಸಲ ಒಮ್ಮತಕ್ಕೆ ಬಂದರು. ಅದಕ್ಕೆ ಕಾರಣಳಾದ ಲೋನಿಗೆ ಎರಡೂ ಕಡೆಯಿಂದ ಬಾಗಿಲು ಮುಚ್ಚಿತು.

ಗೆರ್ಲಾಕ್ ಒಬ್ಬನೇ ಬೇಜಾರು ಮಾಡಿಕೊಳ್ಳಲಿಲ್ಲ. ಸಿನ್ಸಿನಾಟಿಯ ಪತ್ರಿಕೆಯಲ್ಲಿ ಅವನ ವಿಳಾಸ ಸರಿಯಾಗಿಯೇ ಬಂದಿತ್ತು.

ಸೆಪ್ಟೆಂಬರಿನಲ್ಲಿ ಗಂಡಸರು ಮತ ಹಾಕಿ ಹೆಂಗಸರಿಗೆ ಮತ ಬೇಡ ಎಂದರು. ಆ ರಾತ್ರಿ ವೆಂಡ್ಲಿಂಗ್ ಕಾರ್ಖಾನೆಯ ಅಂಗಳದಲ್ಲಿ ಬೀರು ಹರಿಯಿತು. ಬೆಳಿಗ್ಗೆ ಲೋನಿಯ ಮೆಟ್ಟಿಲ ಮೇಲೆ ಮುರಿದ ಹಳದಿ ಬೀಸಣಿಗೆಗಳ ರಾಶಿ ಬಿದ್ದಿತ್ತು. ಅವಳು ಒಂದೊಂದನ್ನೇ ಎತ್ತಿ, ಹರಿಯದ ರಟ್ಟುಗಳನ್ನು ಬೇರೆ ಮಾಡಿ, ಉಳಿದದ್ದನ್ನು ಒಲೆಗೆ ಹಾಕಿದಳು. ಇಗರ್ಜಿಯಲ್ಲಿ ಮಾತೆ ಮರಿಯಮ್ಮನ ಸಂಘದ ಬಾವುಟ ಹಿಡಿಯುವ ಸರದಿ ಅವಳಿಗೆ ತಪ್ಪಿತು. ಮೂರನೇ ಬೆಂಚಿನಲ್ಲಿ ಅವಳು ಬಂದು ಕೂತರೆ ಉಳಿದವರು ಸರಿದು ಸರಿದು ಗೋಡೆ ಸೇರುತ್ತಿದ್ದರು. ಅವಳಿಗೆ ಲಂಗ ಹರಡಿ ಕೂರಲು ಜಾಗವಾಯಿತು ಎನ್ನುವುದೊಂದೇ ಲಾಭ.

ಕೊನೆಗೆ ಅವಳನ್ನು ಕರೆದವರು ಕಾನ್ವೆಂಟಿನ ಸಿಸ್ಟರ್ ವಲ್ಬುರ್ಗಾ, ನಮಗಿಬ್ಬರಿಗೂ ಅಕ್ಷರ ಕಲಿಸಿದವರು. ಕಾನ್ವೆಂಟಿನ ನೆಲಮಾಳಿಗೆಯಲ್ಲಿ ಸಂತರ ಚಿತ್ರ ಅಚ್ಚು ಹಾಕಲು ಹಳೆಯ ಕೈಯಂತ್ರವೊಂದಿತ್ತು. ಅದನ್ನು ನಡೆಸಿಕೊಂಡು ಊಟ ಮಾಡಿಕೊಂಡಿರು ಎಂದರು. ಅಲ್ಲಿಗೂ ಒಬ್ಬರು ಫಾದರಿಗೆ ದೂರು ಒಯ್ದರು, ಮತದ ಹುಚ್ಚು ಸಿಸ್ಟರುಗಳಿಗೂ ಹತ್ತೀತು ಅಂತ. ಸಿಸ್ಟರ್ ವಲ್ಬುರ್ಗಾ ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ನಮಗೇನು ಹತ್ತೋದು ಮಗೂ, ನಾವು ಇಲ್ಲಿ ಮಠದ ಹಿರಿಯ ಮದರನ್ನ ಮತ ಹಾಕಿಯೇ ಆರಿಸೋದು. ನಿಮ್ಮಜ್ಜಿ ಹುಟ್ಟೋಕೆ ಮುಂಚಿನಿಂದ."

ನೆಲಮಾಳಿಗೆಯಲ್ಲಿ ಸೂರ್ಯನಿಲ್ಲ, ಟ್ರೆಡಲ್ ಇಲ್ಲ, ಕೈಯಂತ್ರದ ಹಿಡಿಕೆ ಎಳೆದೆಳೆದು ಲೋನಿಯ ಬಲಭುಜ ಕೆಳಗಿಳಿಯಿತು. ನಾನು ನೋಡಲು ಹೋದಾಗ ರೇಷ್ ಅಂಗಡಿಯ ಸುದ್ದಿ ಕೇಳುತ್ತಿದ್ದಳು. ಜನರ ಸುದ್ದಿಯಲ್ಲ, ಯಂತ್ರದ ಸುದ್ದಿ. ಅದಕ್ಕೆ ಎಣ್ಣೆ ಬಿಡುತ್ತಾರಾ, ಕಿಟಕಿ ಹತ್ತಿರ ಮಳೆನೀರು ಇಳಿಯುತ್ತಲ್ಲ, ಹೊದಿಸುತ್ತಾರಾ ಅಂತ. ತವರಿನಲ್ಲಿ ಬಿಟ್ಟು ಬಂದ ಹಸುವನ್ನು ವಿಚಾರಿಸುವ ಹಾಗೆ. ಮುಂದೆ ವಿಷಮಶೀತ ಜ್ವರ ಬಂದ ವರ್ಷ ಊರಿಗೆ ಬೇಕಾದ ಸಾವಿನ ಚೀಟಿಗಳನ್ನೆಲ್ಲ ಅವಳೇ ಅಚ್ಚು ಹಾಕಿದಳು. ಆಲ್ಬನ್‌ನ ಹೆಂಡತಿಯ ಚೀಟಿಯನ್ನೂ. ಅದನ್ನು ಇವತ್ತಿಗೂ ನಾನು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟಿದ್ದೇನೆ, ಬೆನ್ನು ಸವರಿದರೆ ರೇಷ್ಮೆ.

ಅದೇ ವರ್ಷ ಯುದ್ಧದ ಹುಚ್ಚಿನಲ್ಲಿ ಊರಿನ ಜರ್ಮನ್ ಹೆಸರುಗಳೆಲ್ಲ ದೇಶದ್ರೋಹಿಗಳ ಹೆಸರಾದವು. ಒಂದು ಬೆಳಿಗ್ಗೆ ರೇಷ್ ಅಂಗಡಿಯ ಬಾಗಿಲಿಗೆ, ದ್ರೋಹಿಗಳ ಮನೆಗೆ ಬಳಿಯುತ್ತಿದ್ದ ಬಣ್ಣ ಬಳಿದಿದ್ದರು. ಬಣ್ಣ ಹಳದಿ. ರೇಷ್ ಬಕೆಟ್ಟು ಹಿಡಿದು ಉಜ್ಜುತ್ತಾ ನಿಂತಿದ್ದಾಗ ಪೂಜೆ ಮುಗಿಸಿ ಬಂದ ಲೋನಿ ಅಲ್ಲಿ ನಿಂತಳು. ಆ ಬಾಗಿಲ ಎದುರು ಅವಳು ನಿಂತದ್ದು ಆರು ವರ್ಷದ ಮೇಲೆ.

"ಬಣ್ಣ ಸಮ ಬಂದಿಲ್ಲ" ಅಂದಳು.

ರೇಷ್‌ಗೆ ಅಳುವೋ ಸಿಟ್ಟೋ ತಿಳಿಯಲಿಲ್ಲ. ಪಾನನಿಷೇಧದ ಮಾತೆದ್ದು ಬೀರಿನ ಚೀಟಿಗಳು ಹೇಗೂ ನಿಲ್ಲುವುದರಲ್ಲಿದ್ದವು, ಅಂಗಡಿಯಲ್ಲಿ ಮೊಳೆ ಜೋಡಿಸುವವರಿಲ್ಲ. ವಾಪಸ್ಸು ಬಾ ಎಂದರು. ಒಳಗೆ ಹೋಗಿ ಮೇಜಿನ ಗೂಡಿನಿಂದ ಆ ಹಳೆಯ ಹೇಳಿಕೆಯನ್ನೇ ತಂದರು. ಬಿಸಾಡುವ ಜನವಲ್ಲವಲ್ಲ. ಫಾದರಿಗೆ ಮರ್ಯಾದೆಗೆ ಒಂದು ಸಹಿ ಸಾಕು, ಓದುವುದೂ ಬೇಡ, ಯಂತ್ರ ನಿನ್ನದೇ ಎಂದರು. ಬಾಗಿಲ ಸಂದಿಯಿಂದ ಟ್ರೆಡಲ್ ಕಾಣುತ್ತಿತ್ತು, ಮೇಲೆ ಗೋಣಿ ಹೊದೆಸಿತ್ತು. ನಾನು ಪಕ್ಕದಲ್ಲೇ ಇದ್ದೆ. ಹಾಕೇ ಮಾರಾಯ್ತಿ, ಎರಡು ಗೀಟು ಎಳೆದುಬಿಡು ಎಂದು ಅವಳ ಮೊಣಕೈ ತಿವಿದೆ.

ಲೋನಿ ಹೇಳಿಕೆಯನ್ನು ಮತ್ತೊಮ್ಮೆ ಓದಿದಳು. ಓದುತ್ತಾ ಓದುತ್ತಾ ಅವಳ ಕಣ್ಣು ಒಂದು ಕಡೆ ನಿಂತಿತು. ವಾಪಸ್ಸು ಕೊಟ್ಟಳು. "ಇದೇ ಆದ್ರೆ ಬೇಡ ಯಜಮಾನ್ರೇ" ಎಂದು ಹೇಳಿ, ಟ್ರೆಡಲ್ ಕಡೆ ಒಮ್ಮೆ ನೋಡಿ, ನಡೆದಳು. ರೇಷ್ ಅವಳ ಬೆನ್ನಿಗೆ ಜರ್ಮನ್ ಭಾಷೆಯಲ್ಲಿ ಏನೋ ಬೈದರು, ಆಮೇಲೆ ಬೀದಿಯಲ್ಲಿ ಜರ್ಮನ್ ಆಡಿಬಿಟ್ಟೆನೆಂದು ಹೆದರಿ ಬಾಯಿ ಮುಚ್ಚಿಕೊಂಡರು.

ಆಮೇಲಿನದ್ದು ಎಲ್ಲರಿಗೂ ಗೊತ್ತಿರುವ ಕಥೆ. ಹೆಂಗಸರು ಮತ ಹಾಕಿ ಬೀರಿನ ಬಾಗಿಲು ಹಾಕಿಸುತ್ತಾರೆ ಎಂದು ಹೆದರಿದ್ದ ವೆಂಡ್ಲಿಂಗ್ ದೊರೆಯ ಬಾಗಿಲನ್ನು, ಹೆಂಗಸರಿಗೆ ಮತ ಬರುವ ಮೊದಲೇ ಗಂಡಸರು ಮತ ಹಾಕಿ ಹಾಕಿಸಿದರು. ಮರುವರ್ಷ ಹೆಂಗಸರಿಗೂ ಮತ ಬಂತು. ಗುಡ್ಡದ ಹೆಂಗಸರೇ ಎಲ್ಲ ಮತವನ್ನೂ ಹಾಕಿಬಿಟ್ಟರೆ ನಮ್ಮ ಗತಿಯೇನು ಎಂದು ಫಾದರ್ ಡೆಕರ್ಟಿಗೆ ಹೊಳೆದದ್ದು ಆಗ. ಅದೇ ಪೀಠ ಹತ್ತಿ, ಮತಗಟ್ಟೆಗೆ ಹೋಗದ ಹೆಂಗಸು ಪಾಪನಿವೇದನೆಗೆ ಬರಬೇಕಾಗುತ್ತದೆ ಎಂದರು. ಎಂಟು ವರ್ಷದ ಹಿಂದೆ ಮತದ ಮೇಲೆ ಕೂತಿದ್ದ ನಾವೆಲ್ಲ ಎದ್ದು ಸಾಲಿನಲ್ಲಿ ನಿಂತೆವು. ಲೋನಿಯೂ ಹೋಗಿ ಹಾಕಿದಳು. ಮತಪತ್ರದ ಬೆನ್ನನ್ನು ಸವರುತ್ತಾ ನಿಂತು ಹಿಂದಿನವರನ್ನು ಕಾಯಿಸಿದಳು ಅಂತ ದೂರು ಬಂತು.

ಅದೇ ನವೆಂಬರಿನಲ್ಲಿ ಗುಡ್ಡದ ವಾಚನಾಲಯದಲ್ಲಿ ವಿಜಯದ ಊಟ. ಕೆಳಕೇರಿಯ ಹೆಂಗಸರಿಗೂ ಕರೆ ಬಂದಿತ್ತು. ನಮಗೂ ಮತವಿತ್ತಲ್ಲ. ನಡುವೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಮಖಮಲ್ಲಿನ ಮೇಲೆ ಒಂದು ಹಳದಿ ಬೀಸಣಿಗೆ. ಗೆರ್ಲಾಕನ ಮಗ್ಗುಲನ್ನು ಮಖಮಲ್ಲಿನ ಕಡೆ ಮಾಡಿ ಮಲಗಿಸಿದ್ದರು. ಕುರಿಮರಿಗೆ ಕೊನೆಗೂ ಹಾಸಿಗೆ ಸಿಕ್ಕಿತು. ಮಿಸೆಸ್ ಥಾರ್ನ್‌ಬರಿಗೆ ಈಗ ಕೂದಲು ಬೆಳ್ಳಗಾಗಿತ್ತು, ನೆನಪು ಅದಕ್ಕಿಂತ ಬೆಳ್ಳಗೆ. ಈ ದಿಟ್ಟ ಅಕ್ಷರಗಳನ್ನು ನೋಡಿ ಎಂದರು. ಬಳ್ಳಿ ಹೂವಿನ ನಯ ನಾಜೂಕಿಗೆ ಮನಸೋಲದೆ, ಬೀದಿಯ ತುದಿಯಿಂದಲೂ ಓದಲಿ ಎಂದು ತಾವೇ ಆರಿಸಿದ ಅಕ್ಷರಗಳು ಎಂದರು. ನಾನು ಲೋನಿಯ ಮುಖ ನೋಡಿದೆ. ಅವಳು ಮೊಸರಿನ ಕೇಕು ತಿನ್ನುತ್ತಿದ್ದಳು.

ಆಮೇಲೆ ಅವಳನ್ನು ವೇದಿಕೆಗೆ ಕರೆದರು. ಅವಳು ಇಳಿದ ಭುಜದೊಂದಿಗೆ ಹತ್ತಿ ನಿಂತಳು. ಮುಂದಿನ ಸಾಲಿನಲ್ಲಿ ಫಾದರ್ ಡೆಕರ್ಟ್, ಅವರ ಪಕ್ಕ ರೇಷ್, ಇಬ್ಬರೂ ಹೊಸ ಗಾಳಿಗೆ ಹೊಸದಾಗಿ ತೂರಿಕೊಂಡವರು. ಮಿಸೆಸ್ ಥಾರ್ನ್‌ಬರಿ ಅವಳ ಕೈ ಹಿಡಿದು ಸಭೆಯ ಕಡೆ ತಿರುಗಿ, ಈ ಹೆಂಗಸು ತನ್ನ ಕೆಲಸ, ತನ್ನ ಅನ್ನ, ತನ್ನ ಯಂತ್ರ ಎಲ್ಲವನ್ನೂ ಕಳೆದುಕೊಂಡಳು, ಒಂದು ಕಾಗದಕ್ಕೆ ಸಹಿ ಹಾಕಿದ್ದರೆ ಎಲ್ಲವೂ ಉಳಿಯುತ್ತಿತ್ತು, ಒಂದು ಸಲವಲ್ಲ ಎರಡು ಸಲ ನಿರಾಕರಿಸಿದಳು ಎಂದರು. ಕೆಲವು ಹೆಂಗಸರು ಕರವಸ್ತ್ರ ತೆಗೆದರು. ನಾನೂ ತೆಗೆದೆ, ನೆಗಡಿಯಾಗಿತ್ತು.

"ಹೇಳಿ ಮಿಸ್ ಕುಂಕೆಲ್, ನಮ್ಮ ಹೆಣ್ಣುಮಕ್ಕಳು ಕೇಳ್ಲಿ" ಎಂದರು ಮಿಸೆಸ್ ಥಾರ್ನ್‌ಬರಿ. "ಆ ಕಾಗದಕ್ಕೆ ನೀವು ಯಾಕೆ ಸಹಿ ಹಾಕಲಿಲ್ಲ?"

ಎಂಟು ವರ್ಷದಲ್ಲಿ ಅವಳನ್ನು ಯಾಕೆ ಎಂದು ಯಾರಾದರೂ ಕೇಳಿದ್ದು ಅದೇ ಮೊದಲು. ಎಲ್ಲರೂ ಯಾರು ಎಂದು ಕೇಳಿದ್ದರು, ಎಷ್ಟು ಎಂದು ಕೇಳಿದ್ದರು. ನಾನೂ ಹಾಕೇ ಎಂದಿದ್ದೆನೇ ಹೊರತು ಯಾಕೆ ಎಂದಿರಲಿಲ್ಲ. ಲೋನಿ ಗಾಜಿನ ಪೆಟ್ಟಿಗೆಯ ಕಡೆ ನೋಡಿದಳು, ಅವಳ ಹೆಬ್ಬೆರಳು ಗಾಳಿಯಲ್ಲೇ ಒಮ್ಮೆ ಸವರಿತು.

"ಅಚ್ಚಿನ ಕೆಲಸದಲ್ಲಿ ತಪ್ಪಾಯ್ತು ಅಂತ ಬರೆದಿದ್ರು ಅಮ್ಮಾವ್ರೇ. ಅಚ್ಚು ಎರಡು ಕಡೆನೂ ಚೆನ್ನಾಗೇ ಬಂದಿತ್ತು. ಅಂಟು ಮುಗಿದು ಹೋಗಿತ್ತು, ಗೆರ್ಲಾಕ್ ಅವರ ಗಾಡಿ ಬಾಗಿಲಲ್ಲಿ ನಿಂತಿತ್ತು. ಅಂಟು ಮುಗಿದಿತ್ತು ಅಂತ ಬರೆದಿದ್ರೆ ಅವತ್ತೇ ಸಹಿ ಹಾಕಿ ಕೆಲಸಕ್ಕೆ ಹೋಗ್ತಿದ್ದೆ."